ವಾಚನ ಉಂಟು, ವ್ಯಾಖ್ಯಾನ ಎಲ್ಲಿ? ಸಾರಾ ಮತ್ತು ಬಾನು ಅವರ ಕಥನದಲ್ಲಿ ಕುರ್‌ಆನ್ ಓದು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ಕೇಳಿಸ್ತಿದೆ ಅಂದ್ಕೊಂಡಿದೀನಿ. ನೆಟ್‌ವರ್ಕ್ ಕೈಕೊಟ್ಟರೆ ಚಾಟ್‌ನಲ್ಲಿ ಹಾಕಿ, ವೀಡಿಯೋ ಆಫ್ ಮಾಡಿಕೊಂಡು ಮುಂದುವರಿಸ್ತೀನಿ.

ಒಂದು ಸಣ್ಣ ಪದದಿಂದ ಶುರು ಮಾಡ್ತೀನಿ: ‘ಓದು’. ಕನ್ನಡದಲ್ಲಿ ಓದು ಅಂದರೆ ದನಿ ಎತ್ತಿ ಪಠಿಸುವುದೂ ಹೌದು, ಮನಸ್ಸಿನಲ್ಲೇ ಅರ್ಥ ಮಾಡಿಕೊಳ್ಳುವುದೂ ಹೌದು. ಅರಬ್ಬಿಯ ‘ಕುರ್‌ಆನ್’ ಎಂಬ ಹೆಸರಿನ ಮೂಲಧಾತುವಿನಲ್ಲೂ ಈ ಎರಡೂ ಇವೆ. ನಮ್ಮ ಡೆಂಕಣಿಕೋಟೆಯ ದಖ್ಖನಿ ಮನೆಗಳಲ್ಲಿ ‘ಪಡ್ನಾ’ ಅಂತಾರೆ. ನಮಾಜನ್ನೂ ಪಡ್ತಾರೆ, ಪೇಪರನ್ನೂ ಪಡ್ತಾರೆ. ಪ್ರವಾದಿಗಳ ಬದುಕನ್ನು ಕುರಿತ ಕಾದಂಬರಿಗೆ ಬೊಳುವಾರು ಮಹಮದ್ ಕುಂಞಿ ಇಟ್ಟ ಹೆಸರೂ ‘ಓದಿರಿ’. ಮೊದಲು ಇಳಿದು ಬಂದ ವಚನದ ಮೊದಲ ಪದದ ನೆನಪು ಅದರಲ್ಲಿದೆ.

ಕುರ್‌ಆನ್ ಈ ಎರಡೂ ಓದುಗಳನ್ನು ಕೇಳುತ್ತದೆ. 73ನೇ ಅಧ್ಯಾಯದ 4ನೇ ವಚನ ನಿಧಾನವಾಗಿ, ಬಿಡಿಸಿ ಪಠಿಸಲು ಹೇಳುತ್ತದೆ. 4:82, 38:29, 47:24 ಈ ಮೂರು ಕಡೆ ‘ತದಬ್ಬುರ್’ ಮಾಡಲು ಹೇಳುತ್ತದೆ. ಈ ಪದದ ಧಾತುವಿಗೆ ಹಿಂಬದಿ, ಕೊನೆ ಎಂಬ ಅರ್ಥಗಳಿವೆ. ಅಂದರೆ ಒಂದು ಮಾತಿನ ಬೆನ್ನು ಹತ್ತಿ ಅದರ ಕೊನೆಯವರೆಗೆ ಯೋಚಿಸುವುದೇ ತದಬ್ಬುರ್. ‘ಕೊನೆಯವರೆಗೆ’ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದನ್ನು ಅರ್ಥಮಾಡಿಕೊಳ್ಳೋಕೆ ನಮ್ಮದೇ ಪರಂಪರೆಯ ಮಾದರಿಯೊಂದಿದೆ, ಗಮಕ. ಕುಮಾರವ್ಯಾಸ ಭಾರತದ ವಾಚನಕ್ಕೆ ಇಬ್ಬರು ಕೂರುತ್ತಾರೆ. ಒಬ್ಬರು ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ನಡುಗನ್ನಡ ಬಾರದ ಕೇಳುಗರೂ ದನಿಗೆ ತಲೆದೂಗ್ತಾರೆ, ಅರ್ಥಕ್ಕೆ ವ್ಯಾಖ್ಯಾನಕಾರರ ಕಡೆ ತಿರುಗ್ತಾರೆ. ವಾಚನ ಇಲ್ಲದೆ ವ್ಯಾಖ್ಯಾನ ಒಣಗುತ್ತೆ, ವ್ಯಾಖ್ಯಾನ ಇಲ್ಲದೆ ವಾಚನ ದೂರದಲ್ಲೇ ನಿಲ್ಲುತ್ತೆ. ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಅವರ ಕಥನದಲ್ಲಿ ದುರಂತ ಆಗೋದು ಧರ್ಮ ಇರೋದ್ರಿಂದ ಅಲ್ಲ, ಈ ಎರಡನೇ ಪೀಠ ಖಾಲಿ ಇರೋದ್ರಿಂದ. ಇದು ನನ್ನ ಮುಖ್ಯ ವಾದ.

ನಮ್ಮ ವಿಮರ್ಶೆ ಇವರಿಬ್ಬರನ್ನೂ ಒಂದೇ ಗೂಡಿಗೆ ಹಾಕಿಬಿಟ್ಟಿದೆ. ಪರೀಕ್ಷೆಯಲ್ಲಿ ನಾವು ಬರೆಯುವ ಉತ್ತರ ಎಲ್ಲರಿಗೂ ಬಾಯಿಪಾಠ: ‘ಮುಸ್ಲಿಂ ಸಂವೇದನೆ’, ‘ಧಾರ್ಮಿಕ ಕಟ್ಟುಪಾಡುಗಳ ವಿರುದ್ಧ ಬಂಡಾಯದ ದನಿ’. ಈ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ದಾರಿಯಲ್ಲಿ ನಿಲ್ಲುತ್ತೆ. ಕಟ್ಟುಪಾಡನ್ನು ಹೇರಿದವರು ಯಾವ ಪಠ್ಯವನ್ನು ಎಲ್ಲಿವರೆಗೆ ಓದಿದ್ರು ಅಂತ ಯಾರೂ ಕೇಳಲ್ಲ.

ಮೊದಲು ‘ಚಂದ್ರಗಿರಿಯ ತೀರದಲ್ಲಿ’. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾದ ಕಾದಂಬರಿ. ಕಾಸರಗೋಡಿನ ನದೀತೀರದ ನಾದಿರಾ ಗಂಡ ರಶೀದನ ಜೊತೆ ಚೆನ್ನಾಗಿಯೇ ಇದ್ದಾಳೆ. ದುಡ್ಡಿನ ವಿಚಾರಕ್ಕೆ ಅಳಿಯನ ಮೇಲೆ ಮುನಿದ ತಂದೆ ಮಹಮದ್ ಖಾನ್ ಮಗಳನ್ನು ಮನೆಯಲ್ಲೇ ಉಳಿಸಿಕೊಂಡು ತಲಾಖ್ ಕೊಡಿಸ್ತಾನೆ. ಆಮೇಲೆ ಗಂಡಹೆಂಡಿರು ಮತ್ತೆ ಒಂದಾಗಬೇಕು ಅಂದಾಗ ಒಂದು ನಿಯಮ ಎದುರಾಗುತ್ತೆ: ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಕಳೆದು, ಅವನಿಂದ ತಲಾಖ್ ಪಡೆಯಬೇಕು. ನಾದಿರಾ ಮಸೀದಿಯ ಕೆರೆಗೆ ಇಳಿದು ಪ್ರಾಣ ಬಿಡ್ತಾಳೆ.

ಆ ನಿಯಮಕ್ಕೆ ಆಧಾರ ಅಂತ ತೋರಿಸುವುದು ಎರಡನೇ ಅಧ್ಯಾಯದ 230ನೇ ವಚನ. ಕೊನೆಯ ತಲಾಖಿನ ನಂತರ ಆ ಹೆಣ್ಣು ಇನ್ನೊಬ್ಬನನ್ನು ಮದುವೆಯಾಗಿ, ಅವನೂ ಬಿಟ್ಟರೆ ಮಾತ್ರ ಮೊದಲಿನವನನ್ನು ಮತ್ತೆ ಕೂಡಬಹುದು ಅನ್ನೋದು ಅದರ ತಾತ್ಪರ್ಯ. ಈಗ ಅದರ ಹಿಂದೆ ಮುಂದೆ ಓದೋಣ. 229 ಹೇಳೋದು: ತಲಾಖ್ ಎರಡು ಸಲ, ಆಮೇಲೆ ಒಳ್ಳೆಯ ರೀತಿಯಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಒಳ್ಳೆಯ ರೀತಿಯಲ್ಲೇ ಬೀಳ್ಕೊಡಬೇಕು. 231 ಹೇಳೋದು: ಹಿಂಸಿಸುವುದಕ್ಕಾಗಿ ಹೆಣ್ಣನ್ನು ಹಿಡಿದಿಡಬೇಡಿ, ದೇವರ ವಚನಗಳನ್ನು ಆಟದ ವಸ್ತು ಮಾಡಿಕೊಳ್ಳಬೇಡಿ. 232 ಹೇಳೋದು: ಇಬ್ಬರಿಗೂ ಒಪ್ಪಿಗೆಯಿದ್ದರೆ ತಮ್ಮ ಗಂಡಂದಿರನ್ನು ಮತ್ತೆ ಮದುವೆಯಾಗುವ ಹೆಣ್ಣುಗಳನ್ನು ತಡೆಯಬೇಡಿ. ವ್ಯಾಖ್ಯಾನಕಾರರ ಪರಂಪರೆಯಲ್ಲಿ ಈ ಕೊನೆಯ ಮಾತು ಹೆಣ್ಣಿನ ಕಡೆಯ ಹಿರಿಯರಿಗೆ, ಅಂದರೆ ಮಹಮದ್ ಖಾನನಂಥವರಿಗೇ ಹೇಳಿದ್ದು.

ಇದಕ್ಕೊಂದು ತಕರಾರು ಬರಬಹುದು. ಮೂರನೇ ತಲಾಖ್ ಆದಮೇಲೆ 232 ನೇರವಾಗಿ ಅನ್ವಯಿಸಲ್ಲ ಅಂತ ಧರ್ಮಶಾಸ್ತ್ರದವರು ಹೇಳ್ತಾರೆ. ಒಪ್ಪೋಣ. ಆದರೆ ಒಂದೇ ಉಸಿರಿನಲ್ಲಿ ಹೇಳಿದ ಮೂರು ಮಾತು ಮೂರು ತಲಾಖೋ ಒಂದೋ ಅನ್ನೋದೇ ಶತಮಾನಗಳ ಚರ್ಚೆ. 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯ್ಯಾ ಒಂದೇ ಅಂದಿದ್ದರು. ಬಿಡಿಸುವುದಕ್ಕೆಂದೇ ಮೊದಲೇ ಮಾತಾಡಿಕೊಂಡು ಮಾಡುವ ಮದುವೆಯನ್ನು ಪ್ರವಾದಿಗಳು ಶಪಿಸಿದ್ದರು ಎಂಬ ಹದೀಸ್ ಕೂಡ ಇದೆ. 2017ರ ಆಗಸ್ಟ್ 22ರಂದು ಶಾಯರಾ ಬಾನೋ ಪ್ರಕರಣದಲ್ಲಿ ತೀರ್ಪು ಕೊಟ್ಟಾಗ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಕುರ್‌ಆನಿನ ವಚನಗಳನ್ನೇ ಮುಂದಿಟ್ಟುಕೊಂಡು, ಒಂದೇ ಸಲದ ತ್ರಿವಳಿ ತಲಾಖ್ ಅವಕ್ಕೆ ಹೊಂದಲ್ಲ ಎಂಬ ನಿಲುವಿಗೆ ಬಂದರು. ಅಂದರೆ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದೂ ಒಂದು ಬಗೆಯ ವ್ಯಾಖ್ಯಾನವೇ. ಕಾದಂಬರಿ ಪುಸ್ತಕವಾಗಿ 33 ವರ್ಷಕ್ಕೆ ಅದು ನಡೆಯಿತು.

‘ಇದೆಲ್ಲ ಕಾನೂನಿನ ವಾದ ಆಯ್ತು, ಇದರಲ್ಲಿ ವಿಶ್ವಾಸ, ಈಮಾನ್ ಎಲ್ಲಿ ಬಂತು?’ ಅಂತ ನೀವು ಕೇಳಬಹುದು. ನನ್ನ ಉತ್ತರ ಇದು. ನಾದಿರಾಗೆ ತಂದೆಯ ದನಿಯೂ ದೇವರ ದನಿಯೂ ಒಂದೇ ಬಾಯಿಂದ ಕೇಳಿಸುತ್ತವೆ. ಅವೆರಡನ್ನೂ ಬೇರ್ಪಡಿಸುವ ಸಾಧನ ಅವಳ ಕೈಯಲ್ಲಿ ಇಲ್ಲ. ಮನನದ ಓದು ಕೊಡುವುದು ಆ ಸಾಧನವನ್ನು. 232ರವರೆಗೆ ಓದಿದ್ದರೆ ಅವಳ ಕಷ್ಟ ಕರಗಿಬಿಡ್ತಿತ್ತು ಅಂತ ನಾನು ಹೇಳಲ್ಲ, ಹೊರಗಿನ ಜಗತ್ತು ಹಾಗೇ ಇರ್ತಿತ್ತು. ಆದರೆ ತನ್ನನ್ನು ತಳ್ಳುತ್ತಿರುವುದು ದೇವರಲ್ಲ ಎಂಬ ಅರಿವು ಸಿಗ್ತಿತ್ತು. ವಿಶ್ವಾಸ ಆಳವಾಗೋದು ಅಂದರೆ ಕನಿಷ್ಠ ಇಷ್ಟು: ಯಾರ ಮಾತನ್ನು ನಂಬ್ತಿದ್ದೇವೆ ಅನ್ನೋದು ಗೊತ್ತಾಗೋದು. ಅವಳು ಕೊನೆಗೆ ಹೋಗೋದೂ ಮಸೀದಿಯ ಕೆರೆಗೇ, ವುಜೂ ಮಾಡುವ ನೀರಿಗೇ. ಅದನ್ನು ಧರ್ಮದ ನಿರಾಕರಣೆ ಅಂತ ಮಾತ್ರ ಓದುವ ವಿಮರ್ಶೆ ಆ ಜಾಗದ ಆಯ್ಕೆಯನ್ನು ಗಮನಿಸಿಲ್ಲ. ಮನುಷ್ಯರು ಕೇಳದೇ ಹೋದ ದೂರನ್ನು ಅವಳು ದೇವರ ಬಾಗಿಲಿಗೇ ಒಯ್ದಿದ್ದಾಳೆ.

ನಾದಿರಾಗೆ ವ್ಯಾಖ್ಯಾನಕಾರರು ಸಿಗಲೇ ಇಲ್ಲ. ಬಾನು ಅವರ ‘ಕರಿ ನಾಗರಗಳು’ ಕಥೆಯಲ್ಲಿ ಒಬ್ಬರು ಸಿಗ್ತಾರೆ. ಇದೇ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದರು. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲೂ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಈ ಕಥೆ ಇದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಆಶ್ರಫ್, ಕಾಯಿಲೆಯ ಮಗುವನ್ನಿಟ್ಟುಕೊಂಡು ನ್ಯಾಯಕ್ಕಾಗಿ ಮುತವಲ್ಲಿಯ ಮುಂದೆ ಹೋಗ್ತಾಳೆ. ಅವಳಿಗೆ ಬೆನ್ನಾಗಿ ನಿಲ್ಲೋದು ಓದಿಕೊಂಡ ಹೆಂಗಸು ಜುಲೇಖಾ ಬೇಗಂ. ಧರ್ಮವೇ ಹೆಣ್ಣಿಗೆ ಕೊಟ್ಟ ಹಕ್ಕುಗಳು ಏನೇನು, ಅವನ್ನು ಹೇಳಬೇಕಾದವರು ಯಾಕೆ ಹೇಳಲ್ಲ ಅಂತ ಆಕೆ ಬಿಡಿಸಿ ಹೇಳ್ತಾಳೆ. ಆಶ್ರಫಳಿಗೆ ಬಂದ ಧೈರ್ಯ ಆ ಅರ್ಥದಿಂದ ಬಂದದ್ದು. ಅವಳು ಮಸೀದಿಯನ್ನು ಬಿಟ್ಟು ಹೋಗಲ್ಲ, ಮಸೀದಿಗೇ ಹೋಗಿ ಕೂರ್ತಾಳೆ.

ಆದರೂ ಆ ಕಾಯುವಿಕೆಯಲ್ಲೇ ಮಗು ಸಾಯುತ್ತೆ. ಬಾನು ಇಲ್ಲಿ ಬಹಳ ಕಠಿಣವಾದ ಮಾತು ಹೇಳ್ತಿದ್ದಾರೆ: ಅರ್ಥ ಒಬ್ಬರಿಗೆ ಗೊತ್ತಾದರೆ ಸಾಲದು, ಕೇಳಬೇಕಾದ ಕಿವಿಯೂ ಬೇಕು. ವ್ಯಾಖ್ಯಾನ ಹೆಂಗಸರ ಹಿತ್ತಿಲಲ್ಲಿ ನಡೆಯುತ್ತೆ, ತೀರ್ಮಾನ ಗಂಡಸರ ಜಗಲಿಯಲ್ಲಿ ಆಗುತ್ತೆ. ಕೊನೆಗೆ ಮೊಹಲ್ಲಾದ ಹೆಂಗಸರು ಮುತವಲ್ಲಿಗೆ ಹಾಕುವ ಶಾಪವನ್ನು ನಾನು ನಂಬಿಕೆಯ ಭಾಷೆಯಾಗಿಯೇ ಓದ್ತೀನಿ. ದೇವರು ಕೇಳ್ತಾನೆ ಅಂತ ನಂಬಿದವರು ಮಾತ್ರ ಹಾಗೆ ಶಪಿಸೋಕೆ ಸಾಧ್ಯ.

ಇಲ್ಲಿ ಇನ್ನೊಂದು ಅಪಾಯದ ಬಗ್ಗೆಯೂ ಹೇಳಬೇಕು. ‘ಅರ್ಥ ಗೊತ್ತಿಲ್ಲದೆ ಪಠಿಸುವವರದು ಕುರುಡು ಭಕ್ತಿ’ ಅಂತ ಸೆಮಿನಾರುಗಳಲ್ಲಿ ಸಲೀಸಾಗಿ ಹೇಳಿಬಿಡ್ತೀವಿ. ನಮ್ಮೂರಲ್ಲಿ ಮೂವತ್ತು ಸಿಪಾರಾಗಳನ್ನು ಎಷ್ಟೋ ಸಲ ಖತಂ ಮಾಡಿದ ಅಜ್ಜಿಯರಿದ್ದಾರೆ. ಅರಬ್ಬಿಯ ಅರ್ಥ ಅವರಿಗೆ ಬರಲ್ಲ. ಆದರೆ ಫಜರ್ ಹೊತ್ತಿನ ಆ ತಿಲಾವತ್ ಅವರ ಇಡೀ ದಿನವನ್ನು ಕಟ್ಟಿಕೊಡುತ್ತೆ, ಸಾವಿನ ಮನೆಯಲ್ಲಿ ಅವರನ್ನು ಗಟ್ಟಿಯಾಗಿ ಕೂರಿಸುತ್ತೆ. ಗಮಕಕ್ಕೆ ತಲೆದೂಗುವ ಕೇಳುಗರನ್ನು ನಾವು ಕುರುಡರು ಅನ್ನಲ್ಲ, ಇವರನ್ನೂ ಅನ್ನಬಾರದು. ನಾನು ಕೇಳ್ತಿರೋದು ವಾಚನದ ಜಾಗಕ್ಕೆ ವ್ಯಾಖ್ಯಾನ ಬರಲಿ ಅಂತಲ್ಲ, ಪಕ್ಕಕ್ಕೆ ಬರಲಿ ಅಂತ.

ಹಾಗಂತ ವ್ಯಾಖ್ಯಾನ ಯಾವಾಗಲೂ ಸಮಾಧಾನ ಕೊಡುತ್ತೆ ಅಂತಲೂ ಇಲ್ಲ. 4:34ರ ಒಂದು ಕ್ರಿಯಾಪದದ ಅರ್ಥದ ಬಗ್ಗೆ ಅನುವಾದಕರು ಇವತ್ತಿಗೂ ವಾದ ಮಾಡ್ತಿದ್ದಾರೆ. ಕೊನೆಯವರೆಗೆ ಓದುವವರು ಅಂಥ ಜಾಗಗಳನ್ನೂ ಹಾಯಬೇಕು. ಅಲ್ಲಿ ತಡವರಿಸಿ, ಕೇಳಿ, ಮತ್ತೆ ಓದಿ ಉಳಿದ ವಿಶ್ವಾಸಕ್ಕೂ, ಪ್ರಶ್ನೆಯನ್ನೇ ಕಾಣದ ವಿಶ್ವಾಸಕ್ಕೂ ವ್ಯತ್ಯಾಸ ಇದೆ.

ಕೊನೆಯದಾಗಿ, ಆ ಎರಡನೇ ಪೀಠದ ಭಾಷೆ ಯಾವುದು? ಕನ್ನಡದಲ್ಲಿ ಅದಕ್ಕೆ ದಾರಿ ಆಗಿದೆ. ಮಂಗಳೂರಿನ ಶಾಂತಿ ಪ್ರಕಾಶನ ಹೊರತಂದ ಅನುವಾದವಿದೆ, ಅಬ್ದುಸ್ಸಲಾಮ್ ಪುತ್ತಿಗೆಯವರ ಅನುವಾದವಿದೆ. ಇವನ್ನು ನಮ್ಮ ವಿಭಾಗಗಳು ‘ಧಾರ್ಮಿಕ ಪುಸ್ತಕ’ ಅಂತ ಪಕ್ಕಕ್ಕಿಡುತ್ತವೆ. ಪಂಪನಿಂದ ವಚನಗಳವರೆಗೆ ಧರ್ಮವನ್ನು ಸಾಹಿತ್ಯವಾಗಿಯೇ ಓದುವ ನಾವು, ಇಲ್ಲಿ ಮಾತ್ರ ಯಾಕೆ ಹಿಂಜರೀತೀವಿ? ಸಾರಾ, ಬಾನು ಅವರನ್ನು ಪಾಠ ಮಾಡುವಾಗ 2:229ರಿಂದ 232ರವರೆಗಿನ ಕನ್ನಡ ಅನುವಾದವೂ ಮೇಜಿನ ಮೇಲಿರಬೇಕು ಅನ್ನೋದು ನನ್ನ ಬೇಡಿಕೆ.

ಇದು ನನಗೆ ಬರೀ ಪಠ್ಯಕ್ರಮದ ವಿಷಯ ಅಲ್ಲ. 1956ರಲ್ಲಿ ಗಡಿ ಎಳೆದಾಗ ನಮ್ಮೂರು ಮದ್ರಾಸ್ ರಾಜ್ಯದಲ್ಲೇ ಉಳೀತು, ಈಗ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯ್ತು. ಅಲ್ಲಿನ ಮದರಸಾದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅರಬ್ಬಿಯ ಅಕ್ಷರ ಓದ್ತಾಳೆ, ಅರ್ಥ ಬರಲ್ಲ. ಬಯಾನ್ ಉರ್ದುವಿನಲ್ಲಿ, ಮಾತು ತಿಳಿಯುತ್ತೆ, ಲಿಪಿ ಬರಲ್ಲ. ಶಾಲೆಯ ಓದು ತಮಿಳಿನಲ್ಲಿ. ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಸಲೀಸು. ಐದು ಭಾಷೆ ಇದ್ದೂ, ತಾನೇ ಕೂತು ಅರ್ಥ ತೆಗೆಯೋಕೆ ಮದರಸಾ ಅವಳಿಗೆ ಯಾವ ಭಾಷೆಯನ್ನೂ ಕೊಟ್ಟಿಲ್ಲ. ಅವಳಿಗೆ ಬೇಕಾದ ಭಾಷೆ ತಮಿಳೇ ಆಗಿರಬಹುದು, ಆಗಲಿ. ಆದರೆ ಕನ್ನಡ ಬಲ್ಲ ಮನೆಗಳಲ್ಲಿ ಆ ಕೆಲಸ ಕನ್ನಡದ್ದು. ನಾದಿರಾಗೆ ಎರಡು ವಚನ ಆಚೆಯವರೆಗೆ ಓದಿ ಹೇಳೋರು ಇರಲಿಲ್ಲ. ಈ ಹುಡುಗಿಗೆ ಇರಬೇಕು.

ಇಲ್ಲಿಗೆ ನಿಲ್ಲಿಸ್ತೀನಿ. ಗಮಕದ ಹೋಲಿಕೆ ಎಲ್ಲಿವರೆಗೆ ಸರಿ ಹೊಂದುತ್ತೆ ಅನ್ನೋದರ ಬಗ್ಗೆ ನಿಮ್ಮ ತಕರಾರುಗಳನ್ನು ವಿಶೇಷವಾಗಿ ಕೇಳೋಕೆ ಇಷ್ಟಪಡ್ತೀನಿ.