ಜೂಜಿನ ಊರಿನಲ್ಲಿ ಒಂದು ಸಂಸಾರ

‘ವೇಗಾಸ್ ವೆಕೇಷನ್’ 1997ರಲ್ಲಿ ತೆರೆಕಂಡ ಅಮೆರಿಕದ ಹಾಸ್ಯಚಿತ್ರ. ನಿರ್ದೇಶಕ ಸ್ಟೀಫನ್ ಕೆಸ್ಲರ್. ಗ್ರಿಸ್‌ವೋಲ್ಡ್ ಎಂಬ ಗೃಹಸ್ಥ ಹೆಂಡತಿ, ಮಗ, ಮಗಳೊಡನೆ ರಜೆ ಕಳೆಯಲು ನೆವಾಡಾ ಮರುಭೂಮಿಯ ನಡುವಣ ಲಾಸ್ ವೇಗಾಸ್‌ಗೆ ಹೋಗುತ್ತಾನೆ. ಒಟ್ಟಿಗಿರಲೆಂದು ಬಂದವರು ಬೇಗನೆ ಚೆದರುತ್ತಾರೆ. ಯಜಮಾನ ಇಸ್ಪೀಟಿನ ಮೇಜಿಗೆ ಅಂಟಿಕೊಂಡು ಉಳಿತಾಯವನ್ನೆಲ್ಲ ಕಳೆಯುತ್ತಾನೆ; ಹೆಂಡತಿಯನ್ನು ಗಾಯಕನೊಬ್ಬನ ಉಪಚಾರ ಸೆಳೆಯುತ್ತದೆ; ಮಗ ಸುಳ್ಳು ಗುರುತುಚೀಟಿ ಹಿಡಿದು ಆಟಕ್ಕಿಳಿಯುತ್ತಾನೆ; ಮಗಳು ಕುಣಿತದ ಕ್ಲಬ್ಬು ಸೇರುತ್ತಾಳೆ. ಜೂಜು ಹಣಕ್ಕಿಂತ ಮೊದಲು ಜೊತೆಯನ್ನು ಕಸಿಯುತ್ತದೆಂಬುದನ್ನು ನಗಿಸುತ್ತಲೇ ಕಾಣಿಸುವ ಈ ಭಾಗವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮರುಭೂಮಿಯ ವಿಷಯದಲ್ಲಿ ಚಿತ್ರಕ್ಕೆ ಈ ಎಚ್ಚರವಿಲ್ಲ. ಬಾಂಬು ಪರೀಕ್ಷೆ ನಡೆದ ನೆಲದಲ್ಲಿ ಬಡ ನೆಂಟನ ಬಿಡಾರ. ನೆವಾಡಾದಲ್ಲಿ 1951ರಿಂದ 1992ರವರೆಗೆ ಪರಮಾಣು ಪರೀಕ್ಷೆಗಳು ನಿಜವಾಗಿಯೂ ನಡೆದವು. ಆ ಕಹಿ ಇಲ್ಲಿ ಬರಿಯ ಚೇಷ್ಟೆಯಾಗಿ ಕರಗಿದೆ.

ನನ್ನ ಮುಖ್ಯ ಆಕ್ಷೇಪ ಮುಕ್ತಾಯದ ಬಗ್ಗೆ. ಮುದುಕನೊಬ್ಬ ತಾನು ಗೆದ್ದ ಚೀಟಿಯನ್ನು ಅವರ ಕೈಗಿತ್ತು ಸಾಯುತ್ತಾನೆ. ಹೋದ ಹಣ ಕೈಸೇರುತ್ತದೆ. ಸಂಸಾರ ಒಂದಾಯಿತೆನ್ನುತ್ತದೆ ಚಿತ್ರ. ಮಹಾಭಾರತದಲ್ಲಿಯೂ ಮೊದಲ ದ್ಯೂತದಲ್ಲಿ ಸೋತದ್ದೆಲ್ಲ ಧೃತರಾಷ್ಟ್ರನ ಕೃಪೆಯಿಂದ ಪಾಂಡವರಿಗೆ ಮರಳಿತು. ಆದರೆ ವ್ಯಾಸರು ಕಥೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಧರ್ಮರಾಯ ಮತ್ತೆ ಆಡಿದ, ಮತ್ತೆ ಸೋತ, ಕಾಡಿಗೆ ನಡೆದ. ಪುಕ್ಕಟೆ ಮರಳಿದ ಸಂಪತ್ತು ಚಟವನ್ನು ಬಿಡಿಸಲಾರದೆಂಬ ವಿವೇಕ ಅದು. ಈ ಚಿತ್ರದಲ್ಲಾದರೋ ಜೂಜು ಮಾಡಿದ ಗಾಯಕ್ಕೆ ಜೂಜೇ ಮದ್ದು. ಕೊನೆಗೆ, ಮಗ ಆಟದಲ್ಲಿ ಗೆದ್ದ ನಾಲ್ಕು ಕಾರುಗಳಲ್ಲಿ ಅವರು ಊರಿಗೆ ಹಿಂದಿರುಗುತ್ತಾರೆ. ಒಂದಾದ ಸಂಸಾರಕ್ಕೆ ಒಂದು ಕಾರು ಸಾಲದೆ?