ಸದ್ದಡಗಿದ ಸ್ವಿಚ್ಚು, ಕನ್ನಡದ ಟೈಪಿಂಗು

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿಯೊಂದು ಕೀಗೂ ಅದರದೇ ಆದ ಸ್ವಿಚ್ ಇರುತ್ತದೆ. ಸ್ವಿಚ್ಚಿನೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಸ್ಟೆಮ್, ಅದರ ಪಕ್ಕದಲ್ಲಿ ಲೋಹದ ತೆಳು ಪಟ್ಟಿ. ಸ್ಟೆಮ್ ಇಳಿದಾಗ ಅದರ ಕಾಲುಗಳು ಸರಿದು ಪಟ್ಟಿ ತನ್ನ ಜೋಡಿಗೆ ತಾಗುತ್ತದೆ, ಅಕ್ಷರ ದಾಖಲಾಗುತ್ತದೆ. ಕಾಲುಗಳು ನುಣ್ಣಗಿದ್ದರೆ ಬೆರಳಿಗೆ ಆ ಕ್ಷಣ ತಿಳಿಯುವುದಿಲ್ಲ, ಅದು ಲೀನಿಯರ್. ಕಾಲುಗಳಲ್ಲಿ ಸಣ್ಣ ಉಬ್ಬಿದ್ದರೆ ನಡುದಾರಿಯಲ್ಲಿ ತಡೆಯೊಂದು ಬಂದು ಹೋಗುತ್ತದೆ; ಅದು ಟ್ಯಾಕ್ಟೈಲ್. ತಡೆಯ ಜೊತೆಗೆ ಸದ್ದು ಮಾಡಲೆಂದೇ ಮತ್ತೊಂದು ಬಿಡಿಭಾಗ ಸೇರಿಸಿದರೆ ಕ್ಲಿಕಿ. ತಡೆಯನ್ನು ಉಳಿಸಿಕೊಂಡು ಸದ್ದನ್ನು ತಗ್ಗಿಸುವ ಸೈಲೆಂಟ್ ಟ್ಯಾಕ್ಟೈಲ್ ಈ ಕುಟುಂಬದಲ್ಲಿ ತಡವಾಗಿ ಬಂದದ್ದು. ಮಾಡುವುದಕ್ಕೂ ಅದೇ ಹೆಚ್ಚು ಕಷ್ಟ.

ಕರ್ನಾಟಕದ ಕಚೇರಿಗಳಲ್ಲಿ ಮೆಕ್ಯಾನಿಕಲ್ ಕೀಬೋರ್ಡ್ ಎಂದರೆ ಬಹುಕಾಲ ಟಿವಿಎಸ್ ಗೋಲ್ಡ್. ಅದರಲ್ಲಿ ಬರುತ್ತಿದ್ದ, ಚೆರಿ ಕಂಪನಿಯ ಎಂಎಕ್ಸ್ ಬ್ಲೂ ಸ್ವಿಚ್ ಕ್ಲಿಕಿ ಜಾತಿಯದು. ಗಟ್ಟಿತನದಲ್ಲಿ ಅದಕ್ಕೆ ಎದುರಿಲ್ಲ, ಗದ್ದಲದಲ್ಲೂ ಇಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯಂಥ ತಾಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳು ಹತ್ತಡಿ ಅಗಲದ ಒಂದೇ ಕೋಣೆಯವು. ಅಲ್ಲಿ ಅರ್ಜಿ ಬರೆಸಲು ಬಂದವರು ಟೈಪ್ ಮಾಡುವವರ ಪಕ್ಕದಲ್ಲೇ ನಿಂತು ತಂದೆಯ ಹೆಸರು, ಊರು, ಸರ್ವೆ ನಂಬರು ಹೇಳುತ್ತಿರುತ್ತಾರೆ. ಹೇಳಿದ್ದು ಕೇಳಿಸಬೇಕಾದ ಕೆಲಸದಲ್ಲಿ ಕೀಬೋರ್ಡಿನ ಸದ್ದು ಬರೀ ಕಿರಿಕಿರಿಯಲ್ಲ, ತಪ್ಪಿಗೂ ದಾರಿ. ಅಗ್ಗದ ಮೆಂಬ್ರೇನ್ ಕೀಬೋರ್ಡಿಗೆ ಸದ್ದು ಕಡಿಮೆ, ನಿಜ. ಆದರೆ ಅದರಲ್ಲಿ ಕೀಯನ್ನು ತಳಮುಟ್ಟ ಒತ್ತಿದರೆ ಮಾತ್ರ ಅಕ್ಷರ ಮೂಡುತ್ತದೆ. ಹೆಚ್ಚು ಬಳಕೆಯ ಕೀಗಳ ರಬ್ಬರು ಮೊದಲು ಸೋಲುವುದರಿಂದ ಒಂದೆರಡು ವರ್ಷದಲ್ಲಿ ಒಂದೊಂದು ಕೀ ಒಂದೊಂದು ತರಹ ಆಗುತ್ತದೆ.

ಸದ್ದು ಬೇಡವೆಂದರೆ ಲೀನಿಯರ್ ಸಾಲದೇ, ತಡೆ ಏಕೆ ಎಂಬುದಕ್ಕೆ ಇಂಗ್ಲಿಷ್ ಟೈಪಿಂಗಿನಲ್ಲಿ ಸಿಗುವ ಉತ್ತರ ಅಭಿರುಚಿಯದು. ಕನ್ನಡದಲ್ಲಿ ಉತ್ತರ ಲಿಪಿಯಿಂದಲೇ ಬರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕೆಲಸದಲ್ಲಿ ನೆಲೆಯೂರಿದ ಕಗಪ ಕೀ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಬೇಕು. ‘ಚನ್ನಗಿರಿ’ಗೆ ಎಂಟು ಒತ್ತು: ಚ, ನ, ಎಫ್, ನ, ಗ, ಇ, ರ, ಇ. ನಡುವಿನ ಎಫ್ ಬೀಳದಿದ್ದರೆ ಪರದೆಯ ಮೇಲೆ ‘ಚನನಗಿರಿ’. ‘ಸೂರಗೊಂಡನಕೊಪ್ಪ’ಕ್ಕೆ ಹದಿಮೂರು ಒತ್ತು, ಅದರಲ್ಲಿ ಊಕಾರಕ್ಕೂ ಸೊನ್ನೆಗೂ ಶಿಫ್ಟ್. ಹಿಂದೆ ಹೊನ್ನಾಳಿ ತಾಲೂಕಿನಲ್ಲಿದ್ದು ಈಗ ನ್ಯಾಮತಿ ತಾಲೂಕಿಗೆ ಸೇರಿರುವ ಈ ಊರು ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ‘ಸೇವಾಲಾಲ್’ ಎಂಬ ಹೆಸರಿನ ಎಂಟು ಒತ್ತುಗಳಲ್ಲಿ ಮೂರು ಶಿಫ್ಟ್ ಬೇಡುತ್ತವೆ.

ಕನ್ನಡದಲ್ಲಿ ಪರದೆಯ ಮೇಲಿನ ಅಕ್ಷರ ಬೆರಳಿನ ಜೊತೆಗೇ ಸಾಗುವುದಿಲ್ಲ. ಗಕಾರ ಒತ್ತಿದರೆ ‘ಗ’ ಕಾಣುತ್ತದೆ, ಒಕಾರ ಒತ್ತಿದ ಮೇಲೆ ಅದೇ ‘ಗೊ’ ಆಗಿ ರೂಪ ಬದಲಿಸುತ್ತದೆ. ಎಫ್ ಒತ್ತಿದಾಗ ಕಾಣುವ ‘ಪ್’ ಮುಂದಿನ ಕೀ ಬಿದ್ದ ಮೇಲೆ ‘ಪ್ಪ’ ಆಗುತ್ತದೆ. ಒಂದೊಂದು ಒತ್ತಿಗೂ ಹೊಸ ಅಕ್ಷರವೊಂದು ಬಲಕ್ಕೆ ಬಂದು ಕೂರುವ ರೋಮನ್ ಲಿಪಿಯ ಅನುಕೂಲ ಇಲ್ಲಿಲ್ಲ. ಕಣ್ಣಿನ ಸಾಕ್ಷಿ ಒಂದು ಹೆಜ್ಜೆ ತಡವಾಗಿ ಬರುವಲ್ಲಿ ಬೆರಳಿನ ಸಾಕ್ಷಿಗೆ ಬೆಲೆ ಹೆಚ್ಚು. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ‘ಜಗಳೂರು’ ಹೋಗಿ ‘ಜಗಲೂರು’ ಆದರೆ, ಅದನ್ನು ತಿದ್ದಿಸಲು ಮತ್ತೆ ಕಚೇರಿಗೆ ಅಲೆಯಬೇಕಾದವರು ಅರ್ಜಿದಾರರು. ಟೈಪ್ ಮಾಡಿದವರಿಗೆ ಅದರ ಬಿಸಿ ತಟ್ಟುವುದಿಲ್ಲ.

ಸ್ವಿಚ್ಚಿನ ಸದ್ದು ಒಂದೇ ಕಡೆಯಿಂದ ಹುಟ್ಟುವುದಿಲ್ಲ. ಸ್ಟೆಮ್ ತಳಕ್ಕೆ ಬಡಿದಾಗ ಒಂದು, ಸ್ಪ್ರಿಂಗ್ ಮೇಲಕ್ಕೆ ಎಸೆದ ಸ್ಟೆಮ್ ಮುಚ್ಚಳಕ್ಕೆ ಬಡಿದಾಗ ಇನ್ನೊಂದು. ಇವೆರಡೇ ದೊಡ್ಡವು, ಸ್ಪ್ರಿಂಗಿನ ಝಣತ್ಕಾರವೂ ಕಾಲು ಪಟ್ಟಿಗೆ ಉಜ್ಜುವ ಕರಕರವೂ ಅವುಗಳ ಹಿಂದೆ ಅಡಗಿರುತ್ತವೆ. ಸೈಲೆಂಟ್ ಸ್ವಿಚ್ಚಿನಲ್ಲಿ ಸ್ಟೆಮ್ಮಿನ ಮೇಲೂ ಕೆಳಗೂ ರಬ್ಬರಿನಂಥ ಮೆತ್ತೆ ಕೂರಿಸಿ ಎರಡೂ ಬಡಿತವನ್ನು ಹೀರಿಕೊಳ್ಳಲಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮೆತ್ತೆ ಜಾಗ ತಿನ್ನುವುದರಿಂದ ಕೀಯ ಓಟ ಕುಗ್ಗುತ್ತದೆ: ಚೆರಿ ಎಂಎಕ್ಸ್ ರೆಡ್ 4 ಮಿಲಿಮೀಟರ್ ಇಳಿದರೆ ಅದರ ಸೈಲೆಂಟ್ ರೂಪ 3.7 ಮಿಲಿಮೀಟರಿಗೇ ನಿಲ್ಲುತ್ತದೆ. ತಳ ಮುಟ್ಟಿದ್ದು ಖಚಿತವಾಗಿ ತಿಳಿಯದೆ, ಹಸಿ ಮಣ್ಣಿನ ಮೇಲೆ ಕಾಲಿಟ್ಟಂತೆ ಬೆರಳು ಕುಸಿಯುತ್ತದೆ. ದೊಡ್ಡ ಬಡಿತಗಳು ಅಡಗಿದ ಮೇಲೆ, ಅಲ್ಲಿಯವರೆಗೆ ಕೇಳಿಸದಿದ್ದ ಕರಕರ ಎದ್ದು ಕೇಳುತ್ತದೆ. ಟ್ಯಾಕ್ಟೈಲ್ ಸ್ವಿಚ್ಚಿನಲ್ಲಿ ಕಾಲಿನ ಉಬ್ಬು ಪಟ್ಟಿಗೆ ತಾಗುವುದೇ ತಡೆಯ ಮೂಲವಾದ್ದರಿಂದ ಆ ಉಜ್ಜಾಟವನ್ನು ಪೂರ್ತಿ ತೆಗೆಯುವಂತೆಯೂ ಇಲ್ಲ. ಕಾಲುಗಳಿಗೆ ಗ್ರೀಸ್ ಬಳಿದರೆ ಸದ್ದಿನೊಂದಿಗೆ ತಡೆಯೂ ಮಂಕಾಗುತ್ತದೆ. ಕೈಯಾರೆ ಲೂಬ್ ಮಾಡುವವರು ಸ್ಟೆಮ್ ಜಾರುವ ಹಳಿಗೂ ಸ್ಪ್ರಿಂಗಿಗೂ ಗ್ರೀಸ್ ಹಚ್ಚಿ ಕಾಲುಗಳನ್ನು ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ‘ಸೈಲೆಂಟ್’ ಎಂದು ಕೇಳಿದವರ ಕೈಗೆ ಹೆಚ್ಚಾಗಿ ಬರುವುದು ಟ್ಯಾಕ್ಟೈಲ್ ಜಾತಿಯ ಬ್ರೌನ್ ಸ್ವಿಚ್. ಇದು ತಪ್ಪು ತಿಳಿವಳಿಕೆ. ಬ್ರೌನ್‌ಗೆ ಕ್ಲಿಕ್ ಇಲ್ಲ, ಅಷ್ಟೇ. ತಳದ ಬಡಿತ, ಮೇಲಿನ ಬಡಿತ ಎರಡೂ ಹಾಗೇ ಇವೆ. ಅದರ ತಡೆಯೂ ಎಷ್ಟು ಸಣ್ಣದೆಂದರೆ ವೇಗವಾಗಿ ಟೈಪ್ ಮಾಡುವಾಗ ಇದ್ದೂ ಇಲ್ಲದಂತೆ. ಚೆರಿಯ ಹಳೆಯ ಪೇಟೆಂಟಿನ ಅವಧಿ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್, ಔಟೆಮು ಮುಂತಾದವು ಹೊಸ ಪ್ರಯೋಗಗಳಿಗೆ ಇಳಿದವು. ನಿಜವಾದ ಸೈಲೆಂಟ್ ಟ್ಯಾಕ್ಟೈಲ್‌ಗಳು ಬಂದದ್ದು ಆ ದಾರಿಯಲ್ಲೇ. ಕೆನಡಾದ ಝೀಲ್ ಸಂಸ್ಥೆಯ ಝೈಲೆಂಟ್ ಮೊದಲು ಹೆಸರು ಮಾಡಿತು, ದುಬಾರಿಯಾಗಿಯೇ ಉಳಿಯಿತು. ಗೇಟೆರಾನ್‌ನ ಅಲಿಯಾಜ್ ಸೌಮ್ಯ. ಆದರೆ ಅದರ ತಡೆ ಮಸುಕು, ಬ್ರೌನ್‌ನ ದೂರೇ ಅಲ್ಲೂ. ಗ್ಯಾಜ್ಯೂ ರೂಪಿಸಿ ಔಟೆಮು ತಯಾರಿಸುವ ಬೋಬಾ ಯು4 ಇವೆಲ್ಲಕ್ಕಿಂತ ಮೇಲು. ಅದರ ತಡೆ ಒತ್ತಿನ ಆರಂಭದಲ್ಲೇ ಶುರುವಾಗಿ ದುಂಡಗೆ ಏರಿ ಇಳಿಯುತ್ತದೆ, ಮೆತ್ತೆಯ ಕುಸಿತವೂ ಕಡಿಮೆ. ಎಫ್ ಕೀ ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಅದು ಎಡೆ ಕೊಡುವುದಿಲ್ಲ. ಕೊಳ್ಳುವಾಗ ಹೆಸರಿನ ಕೊನೆ ನೋಡಬೇಕು: ಯು4ಟಿ ಎಂಬುದು ಸದ್ದು ಮಾಡುವ ಅದರ ಒಡಹುಟ್ಟು. ಜಪಾನಿನ ಟೋಪ್ರೆಯ ಸೈಲೆಂಟ್ ಕೀಬೋರ್ಡುಗಳು ಇನ್ನೂ ನಾಜೂಕು, ಆದರೆ ಅದರ ತಂತ್ರವೇ ಬೇರೆ, ಬೆಲೆಯೂ ತಾಲೂಕಿನ ಅಂಗಡಿಯ ಲೆಕ್ಕಕ್ಕೆ ನಿಲುಕದ್ದು.

ಬೇಸಿಗೆಯಲ್ಲಿ ಬಾಗಿಲು ತೆರೆದೇ ಕೂರುವ, ರಸ್ತೆಯ ಮಣ್ಣು ಒಳಗೆ ಬರುವ ಅಂಗಡಿಗಳಿಗೆ ಕೈಲ್‌ನ ಬಾಕ್ಸ್ ಜಾತಿಯ ಸೈಲೆಂಟ್ ಬ್ರೌನ್ ಇನ್ನೊಂದು ಆಯ್ಕೆ. ಅದರಲ್ಲಿ ಸಂಪರ್ಕದ ಭಾಗ ಪೆಟ್ಟಿಗೆಯಂಥ ಗೋಡೆಯ ಹಿಂದಿರುವುದರಿಂದ ದೂಳು, ನೀರಿನ ಹನಿ ಸುಲಭಕ್ಕೆ ತಾಗವು. ತಡೆಯ ಸ್ಪಷ್ಟತೆಯಲ್ಲಿ ಅದು ಬೋಬಾಕ್ಕೆ ಸಮವಲ್ಲ.

ತೂಕದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಬೋಬಾ ಯು4 62 ಮತ್ತು 68 ಗ್ರಾಂಗಳಲ್ಲಿ ಸಿಗುತ್ತದೆ. ಈ ಅಂಕಿ ಕೀ ತಳ ಮುಟ್ಟುವಾಗಿನ ಬಲ. ಚೆರಿ ಬ್ರೌನ್‌ಗೆ ಹೇಳುವ 55 ಸೆಂಟಿನ್ಯೂಟನ್ ತಡೆ ದಾಟುವಾಗಿನದು. ಸೆಂಟಿನ್ಯೂಟನ್ನಿಗೂ ಗ್ರಾಂ ತೂಕಕ್ಕೂ ಬೆರಳಿನ ಮಟ್ಟಿಗೆ ಅಂತರವಿಲ್ಲ, ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವಿಲ್ಲ. ಕನ್ನಡಕ್ಕೆ 62 ಗ್ರಾಂ ಸಾಕು. ಕಗಪದಲ್ಲಿ ಈಕಾರ, ಊಕಾರ, ಣ, ಳ, ಸೊನ್ನೆ ಎಲ್ಲವೂ ಬಲಗೈ ಕಡೆಯ ಶಿಫ್ಟ್ ಅಕ್ಷರಗಳು. ಕ್ರಮಬದ್ಧವಾಗಿ ಟೈಪಿಂಗ್ ಕಲಿತವರು ಇವಕ್ಕೆಲ್ಲ ಎಡ ಶಿಫ್ಟನ್ನೇ ಹಿಡಿಯಬೇಕು. ದಿನವಿಡೀ ಆ ಕೆಲಸ ಎಡಗೈ ಕಿರುಬೆರಳಿನ ಮೇಲೆ. ಅಲ್ಲಿ ಬಿಗಿಯಾದ ಟ್ಯಾಕ್ಟೈಲ್ ಇಟ್ಟರೆ ಸಂಜೆಗೆ ಬೆರಳು ಸೋಲುತ್ತದೆ. ಶಿಫ್ಟ್ ಒತ್ತಿ ಹಿಡಿಯುವ ಕೀ, ತಟ್ಟಿ ಬಿಡುವುದಲ್ಲ. ಅದಕ್ಕೆ ತಡೆಯ ಸೂಚನೆ ಬೇಕಿಲ್ಲ. ಎರಡೂ ಶಿಫ್ಟಿಗೆ 45 ಸೆಂಟಿನ್ಯೂಟನ್ನಿನ ಸೈಲೆಂಟ್ ರೆಡ್‌ನಂಥ ಹಗುರ ಲೀನಿಯರ್ ಹಾಕಿ, ಉಳಿದ ಕಡೆ ಟ್ಯಾಕ್ಟೈಲ್ ಇಡುವುದು ಒಳ್ಳೆಯ ಹೊಂದಾಣಿಕೆ. ಒಂದೇ ಬಗೆಯ ಸ್ವಿಚ್ ಎಲ್ಲ ಕೀಗೂ ಇರಬೇಕೆಂಬ ನಿಯಮವೇನೂ ಇಲ್ಲ.

ಸ್ವಿಚ್ ಎಷ್ಟೇ ಮೌನಿಯಾದರೂ ಸ್ಪೇಸ್ ಬಾರ್, ಎಂಟರ್, ಶಿಫ್ಟ್‌ಗಳ ಅಡಿಯಲ್ಲಿದ್ದು ಆ ಉದ್ದ ಕೀಗಳನ್ನು ಸಮವಾಗಿ ಇಳಿಸುವ ಸ್ಟೆಬಿಲೈಜರ್ ತಂತಿ ಸಡಿಲವಾಗಿದ್ದರೆ ಗಲಗಲ ತಪ್ಪದು. ಚಿಕ್ಕ ಕೀಗಳು ಸುಮ್ಮನಾದಷ್ಟೂ ಇವುಗಳ ಸದ್ದು ಎದ್ದು ಕೇಳುತ್ತದೆ. ತಂತಿಯ ತುದಿಗೆ ದಪ್ಪ ಗ್ರೀಸ್ ಹಚ್ಚುವುದು ಅಗ್ಗದ ಮದ್ದು. ಹಣ ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡಬೇಕು. ಕೀಬೋರ್ಡಿನ ಪೊಳ್ಳು ಹೊಟ್ಟೆಗೆ ಫೋಮ್ ಹಾಸುವುದೂ, ಅಡಿಗೆ ರಬ್ಬರು ಹಾಸು ಇಡುವುದೂ ಉಪಯೋಗಕ್ಕೆ ಬರುತ್ತವೆ. ಮರದ ಮೇಜು ಸದ್ದನ್ನು ಹಿಗ್ಗಿಸುತ್ತದೆ.

ಹಳೆಯ ಟಿವಿಎಸ್ ಗೋಲ್ಡ್‌ಗೆ ಹೊಸ ಸ್ವಿಚ್ ಹಾಕಿಸುವುದು ಲಾಭದ ಕೆಲಸವಲ್ಲ. ಅದರ ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸೆಯಲಾಗಿದೆ; ಸ್ವಿಚ್ಚಿಗೆ ಎರಡರಂತೆ 104 ಕೀಗಳಿಗೆ 208 ಬೆಸುಗೆ ಬಿಡಿಸಿ ಮತ್ತೆ ಹಾಕಬೇಕು. ಸ್ವಿಚ್ಚುಗಳನ್ನು ಕೈಯಲ್ಲೇ ಕಿತ್ತು ಕೂರಿಸಬಹುದಾದ ಹಾಟ್-ಸ್ವಾಪ್ ಬೋರ್ಡ್ ಕೊಳ್ಳುವುದು ಸುಲಭ. ಅಡಿಯಲ್ಲಿ ಐದು ಪಿನ್ ಇರುವ ಸ್ವಿಚ್ ಮೂರು ರಂಧ್ರದ ಬೋರ್ಡಿಗೆ ಹಿಡಿಸಬೇಕಾದರೆ ಪಕ್ಕದ ಎರಡು ಪ್ಲಾಸ್ಟಿಕ್ ಪಿನ್ನುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರಾಯಿತು. ಒಮ್ಮೆಗೇ ಪೂರ್ತಿ ಸೆಟ್ ತರಿಸದೆ, ಮೊದಲು ನಾಲ್ಕಾರು ಬಿಡಿ ಸ್ವಿಚ್ ತರಿಸಿ ಎಫ್, ಎನ್, ಎಲ್ ಕೀಗಳಿಗೆ ಹಾಕಿ ಒಂದು ವಾರ ಕನ್ನಡದಲ್ಲೇ ಕೆಲಸ ಮಾಡಿ ನೋಡಿ. ಇಂಗ್ಲಿಷ್ ವಾಕ್ಯ ಟೈಪ್ ಮಾಡಿ ಮೆಚ್ಚಿದ ಸ್ವಿಚ್ ಒತ್ತಕ್ಷರಕ್ಕೆ ಒಗ್ಗಬೇಕೆಂದಿಲ್ಲ.