ಮುಳ್ಳಿನ ದಾರಿಯಲ್ಲಿ ಹೊಲಿದ ಟೈರು

“ಟ್ಯೂಬ್ಯುಲರ್‌ದಾಗ ಹಾಲು ಹಾಕಬ್ಯಾಡ್ರಿ ಸರ್, ಟೈರ್ ಕೆಟ್ಟು ಹೋಗ್ತೈತಿ.”

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಸೈಕಲ್ ಓಟದ ಹುಡುಗರೊಡನೆ ಒಡನಾಡುವಾಗ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಹಾಲು ಅಂದರೆ ಸೀಲೆಂಟ್. ಟೈರಿಗೆ ತೂತು ಬಿದ್ದ ಕೂಡಲೇ ಅಲ್ಲಿಗೆ ನುಗ್ಗಿ, ಹೆಪ್ಪುಗಟ್ಟಿ, ತೂತು ಮುಚ್ಚುವ ರಬ್ಬರಿನ ಬಿಳಿ ದ್ರವ. ಕೆಲವರು ಅದನ್ನು ಮುಟ್ಟಲೇಬಾರದು ಎನ್ನುತ್ತಾರೆ. ಸ್ವಲ್ಪ ಮೆತ್ತಗಿನವರು, ಪಂಕ್ಚರ್ ಆದ ಮೇಲೆ ಬೇಕಾದರೆ ಹಾಕಿಕೊಳ್ಳಿ, ಮೊದಲೇ ಬೇಡ ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ನಮ್ಮ ಬಯಲುಸೀಮೆಯ ರಸ್ತೆಯಲ್ಲಿ ಟ್ಯೂಬ್ಯುಲರ್ ಓಡಿಸುವವರು ಹೊಸ ಟೈರನ್ನು ರಿಮ್ಮಿಗೆ ಅಂಟಿಸಿದ ಮೇಲೆ, ಮೊದಲ ಸವಾರಿಗೆ ಮುಂಚೆಯೇ ಸೀಲೆಂಟ್ ಹಾಕಬೇಕು.

ಈ ಟೈರಿನ ಮೈಕಟ್ಟು ತಿಳಿಯದೆ ಜಗಳ ಅರ್ಥವಾಗದು. ಸಾಮಾನ್ಯ ಸೈಕಲ್ ಟೈರಿನ ಅಂಚಿನಲ್ಲಿ ತಂತಿ ಇರುತ್ತದೆ, ಅದು ರಿಮ್ಮಿನೊಳಗೆ ಕಚ್ಚಿಕೊಳ್ಳುತ್ತದೆ. ಟ್ಯೂಬು ಬೇರೆ, ಟೈರು ಬೇರೆ. ಟ್ಯೂಬ್ಯುಲರ್ ಹಾಗಲ್ಲ. ತೆಳುವಾದ ಟ್ಯೂಬಿನ ಸುತ್ತ ಹತ್ತಿಯದೋ ನೈಲಾನಿನದೋ ಬಟ್ಟೆ ಮಡಚಿ, ಒಳಮಗ್ಗುಲಲ್ಲಿ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಇಡೀ ಉಂಗುರವನ್ನು ಅಂಟಿನಿಂದ ರಿಮ್ಮಿಗೆ ಕೂರಿಸುತ್ತಾರೆ. ಹಗುರ, ಮೃದು ಓಟ, ಗಾಳಿ ಹೋದರೂ ರಿಮ್ ಬಿಡದ ಗುಣ. ಇದಕ್ಕಾಗಿಯೇ ಓಟಗಾರರು ತಲೆಮಾರುಗಟ್ಟಲೆ ಇದನ್ನು ನೆಚ್ಚಿಕೊಂಡರು. ಬೆಲೆ ಮಾತ್ರ ಒಂದೊಂದಕ್ಕೆ ಕೆಲವು ಸಾವಿರ ರೂಪಾಯಿ.

ಇದರ ಪಂಕ್ಚರ್ ತೆಗೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸೋಲಾಪುರದ ಹೆದ್ದಾರಿಯಲ್ಲಿ ಝಳಕಿ ದಾಟಿದ ಮೇಲೆ ಒಬ್ಬ ಹುಡುಗನ ಹಿಂದಿನ ಟೈರು ಇಳಿಯಿತು. ಮನೆಗೆ ತಂದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆವು. ಗುಳ್ಳೆ ಬಂದದ್ದು ವಾಲ್ವಿನ ಬುಡದಲ್ಲಿ. ತೂತು ಎಲ್ಲಿದ್ದರೂ ಗಾಳಿ ಬಟ್ಟೆಯೊಳಗೇ ಹರಿದು ಸಿಕ್ಕ ಸಂದಿನಲ್ಲಿ ಹೊರಬರುತ್ತದೆ, ಆದ್ದರಿಂದ ಗುಳ್ಳೆಯನ್ನು ನಂಬುವಂತಿಲ್ಲ. ಕೊನೆಗೆ ರಬ್ಬರಿನಲ್ಲಿ ಮುರಿದುಕೊಂಡಿದ್ದ ಮುಳ್ಳಿನ ತುದಿ ಉಗುರಿಗೆ ತಾಗಿತು. ಅದರ ನೇರಕ್ಕೆ ಪಟ್ಟಿ ಸುಲಿದು, ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿ, ಟ್ಯೂಬು ಹೊರಗೆಳೆದೆವು. ತೂತು ಕಣ್ಣಿಗೆ ಕಾಣಲಿಲ್ಲ. ಟ್ಯೂಬನ್ನು ಕಣ್ರೆಪ್ಪೆಯ ಹತ್ತಿರ ಹಿಡಿದಾಗ ತಣ್ಣನೆ ಗಾಳಿ ಸೋಕಿತು. ಪ್ಯಾಚ್ ಹಾಕಿ, ಸೂಜಿ ಟ್ಯೂಬಿಗೆ ಚುಚ್ಚದಿರಲೆಂದು ನಡುವೆ ದಪ್ಪ ರಟ್ಟಿನ ತುಂಡು ತೂರಿಸಿ, ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿದೆವು. ಪಟ್ಟಿ ಮತ್ತೆ ಅಂಟಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರಿಮ್ಮಿನ ಅಂಟು ಗಟ್ಟಿಯಾಗಲು ಇನ್ನೊಂದು ರಾತ್ರಿ. ಇಷ್ಟೆಲ್ಲ ಕೂದಲೆಳೆಯಷ್ಟು ಸಣ್ಣ ತೂತಿಗೆ! ಈ ಕೆಲಸ ಬಾರದವರು, ಪುರುಸೊತ್ತಿಲ್ಲದವರು ಟೈರನ್ನೇ ಎಸೆಯುತ್ತಾರೆ. ಹೊಲಿಗೆಯೇ ಇಲ್ಲದ ಚೆಕ್ ದೇಶದ ಟೂಫೊ ಟೈರುಗಳಲ್ಲಂತೂ ಬಿಚ್ಚಲು ಏನೂ ಇಲ್ಲ, ಸೀಲೆಂಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಆ ಮುಳ್ಳು ನೆಗ್ಗಿಲು. ಎರೆಹೊಲದ ಬದುವಿನಿಂದ ರಸ್ತೆಯ ಅಂಚಿನವರೆಗೆ ಹಬ್ಬುವ ಬಳ್ಳಿ. ಕಾಯಿ ಒಣಗಿದರೆ ಐದು ಹೋಳಾಗುತ್ತದೆ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನೋಡುತ್ತದೆ. ಇದರ ಜೊತೆಗೆ ಬಳ್ಳಾರಿ ಜಾಲಿ. ನಮ್ಮ ಕಡೆ ಟೈರು ಇಳಿಸುವುದು ಬಹುಪಾಲು ಈ ಎರಡೇ. ಎರಡೂ ಮಾಡುವುದು ನೇರವಾದ, ದುಂಡಗಿನ, ಸಣ್ಣ ತೂತು. ಸೀಲೆಂಟ್ ಅತ್ಯಂತ ಚೆನ್ನಾಗಿ ಮುಚ್ಚುವುದೂ ಇಂಥ ತೂತನ್ನೇ.

ಹಾಗಾದರೆ ಬೇಡವೆಂಬ ಮಾತು ಎಲ್ಲಿಂದ ಬಂತು? ಅದು ಯುರೋಪಿನ ಓಟದ ತಂಡಗಳ ರೂಢಿಯಿಂದ ಬಂದದ್ದು ಎಂದೇ ನನಗೆ ಅನ್ನಿಸುತ್ತದೆ. ಅಲ್ಲಿ ಮಳೆಯಲ್ಲಿ ನೆನೆದ ಚೂಪು ಕಲ್ಲು ಟೈರನ್ನು ಸೀಳುತ್ತದೆ. ಸೀಳಿಗೆ ಸೀಲೆಂಟ್ ಕೈಲಾಗದು, ನಿಜ. ಹಿಂದೆ ತಂಡದ ಕಾರು ಬರುತ್ತಿರುತ್ತದೆ, ಮೆಕ್ಯಾನಿಕ್ ಕ್ಷಣಗಳಲ್ಲಿ ಚಕ್ರವನ್ನೇ ಬದಲಿಸಿಬಿಡುತ್ತಾನೆ. ಕಾರು ಹಿಂದಿರುವವರಿಗೆ ಆ ರೂಢಿ ಸಾಕು. ನಸುಕಿನಲ್ಲಿ ಒಬ್ಬನೇ ನೂರು ಕಿಲೋಮೀಟರ್ ತಾಲೀಮಿಗೆ ಹೊರಟ ಕ್ರೀಡಾ ನಿಲಯದ ಹುಡುಗನ ಹಿಂದೆ ಯಾವ ಕಾರೂ ಇಲ್ಲ. 1920ರ ದಶಕದ ಟೂರ್ ಡಿ ಫ್ರಾನ್ಸ್ ಚಿತ್ರಗಳಲ್ಲಿ ಸವಾರರು ಬಿಡಿ ಟೈರುಗಳನ್ನು ಹೆಗಲಿಗೆ ಅಡ್ಡಡ್ಡ ಸುತ್ತಿಕೊಂಡಿರುವುದನ್ನು ನೋಡುತ್ತೇವೆ. ನಮ್ಮ ಹುಡುಗರ ಪಾಡು ಅವರದಕ್ಕೆ ಹತ್ತಿರ. ಯುರೋಪಿನಲ್ಲೇ ಸೈಕ್ಲೋಕ್ರಾಸ್ ಓಟಗಾರರು, ಅಂದರೆ ಕೆಸರು, ಮುಳ್ಳುಬೇಲಿ, ಹೊಲದ ನಡುವೆ ಓಡುವವರು, ಟ್ಯೂಬ್ಯುಲರ್ ಒಳಗೆ ಸೀಲೆಂಟ್ ಹಾಕುವುದು ಮಾಮೂಲು.

ತೂಕ ಹೆಚ್ಚಾಗುತ್ತದಂತೆ. 25 ಮಿಲಿಲೀಟರ್ ದ್ರವ ಸುಮಾರು 25 ಗ್ರಾಂ ತೂಗುತ್ತದೆ. ಅದು ತಿರುಗುವ ತೂಕ, ವೇಗ ಏರಿಸುವಾಗ ಇಮ್ಮಡಿಯಾಗಿ ಲೆಕ್ಕ ಹಿಡಿಯಬೇಕು ಎಂದರೂ 50 ಗ್ರಾಂ. ಸೀಟಿನ ಕೆಳಗೆ ಮಡಚಿ ಕಟ್ಟಿಕೊಂಡ ಬಿಡಿ ಟೈರು 250 ಗ್ರಾಂ ಮೀರುತ್ತದೆ, ಅದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಸೀಲೆಂಟಿನ ಅಮೋನಿಯ ಲೇಟೆಕ್ಸ್ ಟ್ಯೂಬನ್ನು ತಿನ್ನುತ್ತದೆ ಎಂಬುದು ಇನ್ನೂ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ. ಸುಳ್ಯ, ಪುತ್ತೂರಿನ ರಬ್ಬರ್ ಬೆಳೆಗಾರರನ್ನು ಕೇಳಿದರೆ ಸಾಕು. ಮರದಿಂದ ಇಳಿಸಿದ ಹಾಲು ಹೆಪ್ಪುಗಟ್ಟದಿರಲಿ ಎಂದು ಅದಕ್ಕೆ ಬೆರೆಸುವುದೇ ಅಮೋನಿಯ. ಗಟ್ಟಿಗೊಳಿಸಿ ಕಾರ್ಖಾನೆಗೆ ಕಳಿಸುವ ಹಾಲಿನಲ್ಲಿ ಅದು ಸಾಮಾನ್ಯವಾಗಿ ಶೇ. 0.7ರಷ್ಟಿರುತ್ತದೆ. ಲೇಟೆಕ್ಸ್ ಟ್ಯೂಬು ಹುಟ್ಟುವುದೇ ಇಂಥ ಹಾಲಿನಿಂದ. ಅಲ್ಯೂಮಿನಿಯಂ ರಿಮ್ಮಿಗೆ ಅಮೋನಿಯ ಒಗ್ಗದು, ಒಪ್ಪಿದೆ. ಆದರೆ ಟ್ಯೂಬ್ಯುಲರ್‌ನಲ್ಲಿ ದ್ರವ ಇರುವುದು ಟ್ಯೂಬಿನೊಳಗೆ, ಅದಕ್ಕೂ ರಿಮ್ಮಿಗೂ ಸಂಪರ್ಕವೇ ಇಲ್ಲ. ಅಷ್ಟಾಗಿಯೂ ಅನುಮಾನವಿದ್ದರೆ ಅಮೋನಿಯ ಇಲ್ಲದ ಸೀಲೆಂಟ್ ಸಿಗುತ್ತದೆ.

ನಾನು ಗೌರವಿಸುವ ಆಕ್ಷೇಪ ಒಂದಿದೆ. ಒಳಗೆ ಸೀಲೆಂಟ್ ಬಿದ್ದ ಟ್ಯೂಬಿಗೆ ಮುಂದೆ ಪ್ಯಾಚ್ ಹಾಕುವುದು ರೇಜಿಗೆ. ತೂತಿನಿಂದ ಹಾಲು ಒಸರುತ್ತಲೇ ಇರುತ್ತದೆ, ಸೊಲ್ಯೂಷನ್ ಹಿಡಿಯುವುದಿಲ್ಲ, ತೊಳೆದು ಒಣಗಿಸಬೇಕು. ಗಾಳಿ ಪೂರ್ತಿ ಇಳಿದ ಟೈರನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಟ್ಯೂಬಿನ ಎರಡೂ ಗೋಡೆ ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ಸೀಲೆಂಟ್ ಹಾಕಿದವನು ಓಡಿಸದ ದಿನವೂ ಟೈರಿನಲ್ಲಿ ಒಂದಿಷ್ಟು ಗಾಳಿ ಇಟ್ಟಿರಬೇಕು, ಗಾಳಿ ಹೊಡೆಯುವಾಗ ವಾಲ್ವನ್ನು ಮೇಲಕ್ಕೆ ತಂದುಕೊಳ್ಳಬೇಕು, ನಮ್ಮ ಬಿಸಿಲಿಗೆ ಎರಡು ತಿಂಗಳಿಗೊಮ್ಮೆ ಸ್ವಲ್ಪ ಸೇರಿಸಬೇಕು. ಹೊಲಿಗೆ ಬಿಚ್ಚುವ ರಗಳೆಯ ಮುಂದೆ ಈ ಕೆಲಸಗಳು ಏನೇನೂ ಅಲ್ಲ. ವೆಲೊಡ್ರೋಮಿನ, ಅಂದರೆ ಸೈಕಲ್ ಓಟಕ್ಕೆಂದೇ ಕಟ್ಟಿದ ಟ್ರ್ಯಾಕಿನ, ಓಟಕ್ಕೆ ಮಾತ್ರ ಸೀಲೆಂಟ್ ಬೇಕಿಲ್ಲ, ಅಲ್ಲಿ ಮುಳ್ಳಿಲ್ಲ.

ಪಂಕ್ಚರ್ ಆದ ಮೇಲೆ ಹಾಕಿದರಾಯಿತು ಎನ್ನುವವರು ಆ ಗಳಿಗೆಯನ್ನು ನೆನೆಸಿಕೊಳ್ಳಲಿ. ಆಗಲೇ ಗಾಳಿ ಹೋಗಿ ಟ್ಯೂಬು ಚಪ್ಪಟೆಯಾಗಿದೆ. ಹೆದ್ದಾರಿಯ ಅಂಚಿನಲ್ಲಿ ಕೂತು ವಾಲ್ವಿನ ಕಡ್ಡಿ ಬಿಚ್ಚಿ, ಬಾಟಲಿ ಹಿಂಡಿ, ದ್ರವ ತೂತನ್ನು ಹುಡುಕಿಕೊಳ್ಳಲಿ ಎಂದು ಚಕ್ರ ತಿರುಗಿಸಿ, ಕೈಪಂಪಿನಿಂದ ಮತ್ತೆ ಏಳು ಬಾರ್ ಒತ್ತಡ ತುಂಬಬೇಕು. ಮೊದಲೇ ಹಾಕಿದ್ದರೆ ಮುಳ್ಳು ಕಳಚಿದ ಕೂಡಲೇ ಹಾಲು ಚಿಮ್ಮುತ್ತದೆ, ಚಕ್ರ ಕೆಲವು ಸುತ್ತು ತಿರುಗುವಷ್ಟರಲ್ಲಿ ಗುಳ್ಳೆಗಟ್ಟಿ ನಿಲ್ಲುತ್ತದೆ. ಎಷ್ಟೋ ಸಲ ಸವಾರನಿಗೆ ಅದು ಗೊತ್ತಾಗುವುದು ಮನೆಗೆ ಬಂದ ಮೇಲೆ, ಸೀಟಿನ ಹಿಂಭಾಗದಲ್ಲಿ ಬಿಳಿ ಹನಿ ಕಂಡಾಗ.

ಜೀವದ ಪ್ರಶ್ನೆಯೂ ಇದೆ. ಬಿಡಿ ಟೈರನ್ನು ರಸ್ತೆಯಲ್ಲಿ ಹಳೆಯ ಅಂಟಿನ ಮೇಲೆಯೇ ಎಳೆದು ಕೂರಿಸಿಕೊಂಡವನು ತಿರುವಿನಲ್ಲಿ ಅದನ್ನು ನಂಬುವಂತಿಲ್ಲ. ಚೆನ್ನಾಗಿ ಅಂಟಿಸಿದ್ದೂ ಕೈಕೊಟ್ಟದ್ದುಂಟು. 2003ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಡಾಂಬರು ಕರಗುವ ಬಿಸಿಲಿನಲ್ಲಿ ಗ್ಯಾಪ್ ಊರಿನ ಕಡೆ ಇಳಿಯುವಾಗ ಸವಾರ ಜೋಸೆಬಾ ಬೆಲೋಕಿಯ ಹಿಂದಿನ ಟ್ಯೂಬ್ಯುಲರ್ ರಿಮ್ ಬಿಟ್ಟಿತು, ಅವರ ತೊಡೆಯ ಮೂಳೆ ಮುರಿಯಿತು. ರಸ್ತೆಯಲ್ಲಿ ಟೈರು ಬದಲಿಸುವ ಪ್ರಸಂಗ ಎಷ್ಟು ಕಡಿಮೆಯಾದರೆ ನಮ್ಮ ಮಕ್ಕಳು ಅಷ್ಟು ಕ್ಷೇಮ.

ಝಳಕಿಯ ಹತ್ತಿರ ನಿಂತುಹೋಗಿದ್ದ ಆ ಹುಡುಗನ ಮುಂದಿನ ಟೈರಿಗೆ ಮಾರನೆಯ ದಿನ ನಾವಿಬ್ಬರೂ ಕೂಡಿ ಸೀಲೆಂಟ್ ಹಾಕಿದೆವು. ರಬ್ಬರು ಸವೆದು ಬಟ್ಟೆಯ ನೂಲು ಕಾಣಿಸಿದಾಗಲೇ ಅವನು ಅದನ್ನು ಬಿಚ್ಚಿ ತಂದು ತೋರಿಸಿದ್ದು. ಸುತ್ತಲೂ ಬೆರಳಾಡಿಸಿ ಎಣಿಸಿದೆವು, ಒಣಗಿದ ಬಿಳಿ ಚುಕ್ಕೆ ನಾಲ್ಕು. ಹೊಲಿಗೆ ಮಾತ್ರ ಕಾರ್ಖಾನೆಯಲ್ಲಿ ಹಾಕಿದ್ದೇ ಇತ್ತು.